ಹೊಟ್ಟೆಯ ಆಪರೇಷನ್ ಆದ ಮೇಲೆ: ಮಂಚದ ಪಕ್ಕ ನಿಂತವರ ಕೆಲಸ

ಹೊಟ್ಟೆಯ ಆಪರೇಷನ್ ಆದವರು ಅಲುಗಾಡದೆ ಮಲಗಿದ್ದರೆ ಹೊಸಬರು ಕೇಸ್ ಶೀಟಿನಲ್ಲಿ ‘ರೋಗಿ ಆರಾಮಾಗಿದ್ದಾರೆ’ ಎಂದು ಬರೆದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಸ್ವಲ್ಪ ನಿಂತು ನೋಡಿ. ಉಸಿರೆಳೆದರೆ ಹೊಲಿಗೆ ಜಗ್ಗುತ್ತದೆಂದು ಅರ್ಧ ಉಸಿರಿನಲ್ಲೇ ಹೊತ್ತು ಕಳೆಯುತ್ತಿರಬಹುದು. ಅರ್ಧ ಉಸಿರಾಡಿದರೆ ಶ್ವಾಸಕೋಶದ ತಳ ಮುದುಡಿಕೊಳ್ಳುತ್ತದೆ, ಅಲ್ಲಿ ಕಫ ಕೂರುತ್ತದೆ. ನೋವಿಗೆ ಹೆದರಿ ಏಳದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಹೀಗೆ ನೋವು, ಉಸಿರು, ನಡಿಗೆ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ನೋವನ್ನು ಹಿಡಿತಕ್ಕೆ ತರದೆ ಉಳಿದೆರಡನ್ನು ಎಷ್ಟು ಹೇಳಿದರೂ ರೋಗಿ ಮಾಡಲಾರರು.

ಈ ಬರಹ ಮುಖ್ಯವಾಗಿ ಸರ್ಜಿಕಲ್ ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳಿಗೆ. ಜೊತೆಗಿರುವ ಮನೆಯವರೂ ಓದಬಹುದು, ಅರ್ಧಕ್ಕರ್ಧ ಕೆಲಸ ಅವರ ಕೈಯಲ್ಲೂ ಆಗುವಂಥದ್ದು. ಆಪರೇಷನ್ ಮಾಡಿದ ಸರ್ಜನ್ ಬೇರೆಯೇನಾದರೂ ಹೇಳಿದ್ದರೆ ಅದೇ ಮೊದಲು.

ಟ್ರಾಲಿ ಬರುವ ಮುನ್ನ

ಆಮ್ಲಜನಕ, ಸಕ್ಷನ್, ಡ್ರಿಪ್ ಸ್ಟ್ಯಾಂಡ್, ವಾಂತಿ ಟ್ರೇ, ಹೆಚ್ಚುವರಿ ಕಂಬಳಿ, ಕೈಗೆಟಕುವಂತೆ ಕರೆಗಂಟೆ, ಮತ್ತೊಂದು ಗಟ್ಟಿ ದಿಂಬು. ದಿಂಬು ಯಾಕೆಂದು ಮುಂದೆ ಹೇಳುತ್ತೇನೆ.

ಥಿಯೇಟರಿನವರು ರೋಗಿಯನ್ನು ಒಪ್ಪಿಸುವಾಗ ತಲೆಯಾಡಿಸಿ ಕಳಿಸಬೇಡಿ, ಕೇಳಿ: ಹೊಟ್ಟೆ ತೆರೆದು ಮಾಡಿದ್ದೋ, ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಯೋ? ರಕ್ತ ಎಷ್ಟು ಹೋಯಿತು? ಡ್ರೈನ್ (ಒಳಗೆ ಸೇರುವ ದ್ರವವನ್ನು ಹೊರತರುವ ಕೊಳವೆ) ಎಷ್ಟಿವೆ, ಒಂದೊಂದರ ತುದಿ ಒಳಗೆ ಎಲ್ಲಿದೆ? ನೋವಿನ ಕೊನೆಯ ಡೋಸ್ ಎಷ್ಟು ಹೊತ್ತಿಗೆ ಕೊಟ್ಟಿದ್ದು? ಯಾವ ಮದ್ದಿಗೆ ಅಲರ್ಜಿ? ಎಲ್ಲಕ್ಕಿಂತ ಮುಖ್ಯವಾಗಿ, ಕರುಳನ್ನು ಕತ್ತರಿಸಿ ಜೋಡಿಸಿದ್ದಾರೆಯೇ? ಜೋಡಣೆ ಇದ್ದರೆ ಐದನೇ ದಿನ ನೀವು ಆ ರೋಗಿಯನ್ನು ನೋಡುವ ಕಣ್ಣೇ ಬೇರೆಯಾಗಿರಬೇಕು.

ಡ್ರೆಸಿಂಗ್ ಮೇಲೆ ರಕ್ತದ ಕಲೆಯಿದ್ದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ‘ಕಲೆ ದೊಡ್ಡದಾದಂತಿದೆ’ ಎನ್ನುವುದಕ್ಕೂ ‘ಒಂದು ಗಂಟೆಯಲ್ಲಿ ಗೆರೆ ದಾಟಿ ಎರಡು ಬೆರಳಗಲ ಹೋಗಿದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಡಾಕ್ಟರಿಗೆ ಫೋನ್ ಮಾಡಿದಾಗ ಗೊತ್ತಾಗುತ್ತದೆ. ಪಕ್ಕೆಯ ಕೆಳಗೆ ಕೈ ತೂರಿಸಿಯೂ ನೋಡಿ. ರಕ್ತ ಇಳಿಜಾರಿಗೆ ಹರಿಯುತ್ತದೆ. ಮೇಲೆ ಒಣಗಿದ ಡ್ರೆಸಿಂಗ್, ಬೆನ್ನ ಕೆಳಗೆ ಒದ್ದೆ ಹಾಸಿಗೆ ಇರಬಹುದು.

ಮೊದಲ ಕೆಲವು ಗಂಟೆ

ನಾಡಿ, ಬಿಪಿ, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಎಚ್ಚರದ ಸ್ಥಿತಿ ಇವನ್ನು ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಎರಡು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಯವರೆಗೆ ಗಂಟೆಗೊಮ್ಮೆ, ಸ್ಥಿರವಾದ ಮೇಲೆ 4 ಗಂಟೆಗೊಮ್ಮೆ ನೋಡುವುದು ಬಹಳ ಕಡೆ ಇರುವ ರೂಢಿ. ನಿಮ್ಮ ಆಸ್ಪತ್ರೆಯ ಲೆಕ್ಕ ಕೊಂಚ ಬೇರೆಯಿರಬಹುದು.

ಲೆಕ್ಕಕ್ಕಿಂತ ಮುಖ್ಯವಾದದ್ದು ಅಂಕಿಗಳು ಯಾವ ಕಡೆ ಹೊರಟಿವೆ ಎನ್ನುವುದು. ನಾಡಿ 78, 88, 98, 108 ಎಂದು ಏರುತ್ತಿದೆ, ಬಿಪಿ ಮಾತ್ರ 120/80ರಲ್ಲೇ ನಿಂತಿದೆ ಅಂದುಕೊಳ್ಳಿ. ‘ಬಿಪಿ ನಾರ್ಮಲ್’ ಎಂದು ಸುಮ್ಮನಾಗುವ ಹಾಗಿಲ್ಲ. ದೇಹ ರಕ್ತನಾಳಗಳನ್ನು ಬಿಗಿಮಾಡಿ, ಹೃದಯವನ್ನು ಓಡಿಸಿ ಬಿಪಿಯನ್ನು ಹಿಡಿದಿಟ್ಟಿರುತ್ತದೆ. ಗಟ್ಟಿಮುಟ್ಟಾದವರಲ್ಲಿ ಒಟ್ಟು ರಕ್ತದ ಶೇ. 30ರಷ್ಟು ಹೋಗುವವರೆಗೂ ಅದು ಕುಸಿಯದಿರಬಹುದು. ತಣ್ಣಗಿನ ಕೈಕಾಲು, ಬಿಳಿಚಿದ ತುಟಿ, ಕಾರಣವಿಲ್ಲದ ಚಡಪಡಿಕೆ, ಮೂತ್ರ ಕಡಿಮೆಯಾಗುವುದು ಇವೆಲ್ಲ ಬಿಪಿಗಿಂತ ಮೊದಲೇ ಮಾತಾಡುತ್ತವೆ. ಒಂದು ಎಚ್ಚರಿಕೆ: ಹೃದಯಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಹೋಗುತ್ತಿದ್ದರೂ ನಾಡಿ ಏರದಿರಬಹುದು.

ಮೂತ್ರದ ಲೆಕ್ಕ ಸುಲಭ. ಕಿಲೋ ತೂಕಕ್ಕೆ ಗಂಟೆಗೆ 0.5 ಮಿ.ಲೀ., ಅಂದರೆ 60 ಕಿಲೋ ತೂಗುವವರಿಗೆ ಗಂಟೆಗೆ 30 ಮಿ.ಲೀ. ಬರಬೇಕು. ಸತತ ಎರಡು ಗಂಟೆ ಅದಕ್ಕಿಂತ ಕಡಿಮೆಯಾದರೆ ಮೊದಲು ಮೂತ್ರದ ಕೊಳವೆ (ಕ್ಯಾಥೆಟರ್) ಎಲ್ಲಾದರೂ ಮಡಚಿದೆಯೇ, ರೋಗಿಯ ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯೇ ನೋಡಿ, ಆಮೇಲೆ ಡಾಕ್ಟರಿಗೆ ತಿಳಿಸಿ.

ಮೈ ಬೆಚ್ಚಗಿಡಿ. ತಣ್ಣಗಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವುದು ನಿಧಾನ, ಗಾಯಕ್ಕೆ ಸೋಂಕು ತಗಲುವುದು ಸುಲಭ. ವಾಕರಿಕೆಯನ್ನು ‘ಅರಿವಳಿಕೆಯ ನಂತರ ಇದ್ದದ್ದೇ’ ಎಂದು ತಳ್ಳಿಹಾಕಬೇಡಿ, ವಾಂತಿಯ ಒಂದೊಂದು ಎಳೆತವೂ ಹೊಸ ಹೊಲಿಗೆಯ ಮೇಲೆ ಬೀಳುತ್ತದೆ. ಹೆಂಗಸರು, ಧೂಮಪಾನ ಮಾಡದವರು, ಬಸ್ಸಿನಲ್ಲಿ ಕೂತರೆ ವಾಂತಿಯಾಗುವವರು, ಮಾರ್ಫಿನ್ ಜಾತಿಯ ಮದ್ದು ಪಡೆಯುತ್ತಿರುವವರು ಇವರಲ್ಲಿ ವಾಂತಿ ಹೆಚ್ಚು. ಇವರಿಗೆ ಬರೆದ ವಾಂತಿ ತಡೆಯುವ ಮದ್ದನ್ನು ಹೊತ್ತಿಗೆ ಸರಿಯಾಗಿ ಕೊಡಿ.

ನೋವು: ಕೆಮ್ಮಿಸಿ ಕೇಳಿ

‘ನೋವು ಇದೆಯೇ?’ ಎಂದರೆ ಬಹಳಷ್ಟು ಜನ ‘ಪರವಾಗಿಲ್ಲ’ ಎನ್ನುತ್ತಾರೆ. ಆ ‘ಪರವಾಗಿಲ್ಲ’ ಎಂಬ ಪದದಷ್ಟು ಮೋಸದ ಪದ ವಾರ್ಡಿನಲ್ಲಿ ಇನ್ನೊಂದಿಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿ, ಎರಡು ಸಲ ಕೇಳಿ. ಮೊದಲು ಸುಮ್ಮನೆ ಮಲಗಿರುವಾಗ, ಆಮೇಲೆ ಒಮ್ಮೆ ಜೋರಾಗಿ ಕೆಮ್ಮಿಸಿ. ಮಲಗಿದ್ದಾಗ 2 ಎಂದವರು ಕೆಮ್ಮಿದಾಗ 8 ಎಂದರೆ ಅವರ ನೋವು ಹಿಡಿತದಲ್ಲಿಲ್ಲ. ಅವರು ಕೆಮ್ಮುವುದಿಲ್ಲ, ಏಳುವುದೂ ಇಲ್ಲ.

ಪ್ಯಾರಾಸಿಟಮಾಲ್‌ನಂಥ ಸಾಧಾರಣ ಮದ್ದನ್ನು ನೋವು ಬಂದಾಗ ಕೊಡುವುದಲ್ಲ, ಗಂಟೆ ನೋಡಿ ತಪ್ಪದೆ ಕೊಡುವುದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ತೂಕ ಕಡಿಮೆಯಿದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಅದಕ್ಕೂ ಕಡಿಮೆ. ತಳಪಾಯ ಹೀಗೆ ಗಟ್ಟಿಯಿದ್ದರೆ ಮಾರ್ಫಿನ್ ಜಾತಿಯ ಮದ್ದು ಕಡಿಮೆ ಸಾಕು. ಅದು ಕಡಿಮೆಯಾದಷ್ಟೂ ಮಂಪರು, ವಾಕರಿಕೆ, ಕರುಳಿನ ಜಡತ್ವ ಎಲ್ಲ ಕಡಿಮೆ. ರೋಗಿಯನ್ನು ಏಳಿಸುವ ಅಥವಾ ಫಿಸಿಯೋಥೆರಪಿಯವರು ಬರುವ ಅರ್ಧ-ಮುಕ್ಕಾಲು ಗಂಟೆ ಮುಂಚೆ ಮಾತ್ರೆ ಹೊಟ್ಟೆಯಲ್ಲಿರುವಂತೆ ಹೊಂದಿಸಿಕೊಳ್ಳಿ.

ಮಾರ್ಫಿನ್ ಪಡೆಯುತ್ತಿರುವವರಲ್ಲಿ ಉಸಿರಾಟದ ಜೊತೆಗೆ ಎಚ್ಚರವನ್ನೂ ಅಳೆಯಿರಿ. ಉಸಿರು ನಿಧಾನವಾಗುವ ಮುನ್ನ ಮಂಪರು ಹೆಚ್ಚುತ್ತದೆ. ಮಾತಾಡುತ್ತಾಡುತ್ತಲೇ ನಿದ್ದೆಗೆ ಜಾರುತ್ತಿದ್ದರೆ ಮುಂದಿನ ಡೋಸ್ ಕೊಡಬೇಡಿ, ಡಾಕ್ಟರನ್ನು ಕೇಳಿ. ಉಸಿರು ನಿಮಿಷಕ್ಕೆ 10ಕ್ಕಿಂತ ಕೆಳಗಿಳಿದರೆ ಮದ್ದು ನಿಲ್ಲಿಸಿ, ತಟ್ಟಿ ಎಬ್ಬಿಸಿ, ಆಮ್ಲಜನಕ ಕೊಟ್ಟು ಡಾಕ್ಟರನ್ನು ಕರೆಯಿರಿ. ಮಾರ್ಫಿನ್ನಿನ ಪರಿಣಾಮ ಇಳಿಸುವ ನಲೋಕ್ಸೋನ್ ಎಲ್ಲಿದೆ ಎಂದು ಡ್ಯೂಟಿಗೆ ಬಂದ ಕೂಡಲೇ ನೋಡಿಟ್ಟುಕೊಂಡಿರಬೇಕು, ಆಗ ಹುಡುಕುವುದಲ್ಲ. ಬೆನ್ನಿನಲ್ಲಿ ಎಪಿಡ್ಯೂರಲ್ (ನೋವಿನ ಮದ್ದು ಹೋಗುವ ಸಣ್ಣ ಕೊಳವೆ) ಇದ್ದವರಿಗೆ ಬಿಪಿ ಇಳಿಯಬಹುದು. ಅವರ ಕಾಲಿನ ಶಕ್ತಿ ಗಂಟೆಗಂಟೆಗೂ ಕುಂದುತ್ತಾ ಹೋದರೆ ತುರ್ತು ಪರಿಸ್ಥಿತಿ ಎಂದೇ ತಿಳಿಯಿರಿ.

ಲ್ಯಾಪರೋಸ್ಕೋಪಿ ಆದವರು ‘ಆಪರೇಷನ್ ಹೊಟ್ಟೆಗೆ, ನೋವು ಭುಜಕ್ಕೆ ಯಾಕೆ?’ ಎಂದು ಗಾಬರಿಯಾಗುತ್ತಾರೆ. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಒಳಗೇ ಉಳಿದು ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹುಟ್ಟುವುದು ಕತ್ತಿನಲ್ಲಿ, ಹಾಗಾಗಿ ನೋವು ಭುಜದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಿಟ್ಟರೆ ಅರ್ಧ ನೋವು ಕಡಿಮೆ. ಆದರೆ ನಿನ್ನೆಯವರೆಗೆ ಮದ್ದಿಗೆ ಬಗ್ಗುತ್ತಿದ್ದ ಹೊಟ್ಟೆನೋವು ಇವತ್ತು ಬಗ್ಗುತ್ತಿಲ್ಲವೆಂದರೆ ಡೋಸ್ ಹೆಚ್ಚಿಸಲು ಕೇಳುವ ಮೊದಲು ಹೊಟ್ಟೆ ಮುಟ್ಟಿ ನೋಡಿ. ಗಟ್ಟಿಯಾಗಿದೆಯೇ? ಉಬ್ಬಿದೆಯೇ? ಮೂತ್ರ ಕಟ್ಟಿ ಮೂತ್ರಕೋಶ ತುಂಬಿದೆಯೇ?

ಉಸಿರು ಮತ್ತು ಆ ದಿಂಬು

ತಲೆಯ ಕಡೆ ಮಂಚವನ್ನು 30ರಿಂದ 45 ಡಿಗ್ರಿ ಎತ್ತಿ. ದಿಂಬನ್ನು ಗಾಯದ ಮೇಲೆ ಇಟ್ಟು ಎರಡೂ ಕೈಯಿಂದ ಅಪ್ಪಿ ಒತ್ತಿಕೊಳ್ಳಲು ಹೇಳಿ. ಮೂಗಿನಿಂದ ನಿಧಾನ, ಆಳವಾದ ಉಸಿರು. 3ರಿಂದ 5 ಸೆಕೆಂಡ್ ಹಿಡಿದು ಬಾಯಿಯಿಂದ ಬಿಡುವುದು. ಹೀಗೆ ನಾಲ್ಕೈದು ಸಲ ಆದ ಮೇಲೆ ದಿಂಬು ಒತ್ತಿಕೊಂಡೇ ಕೆಮ್ಮುವುದು. ಒಳಗಿನಿಂದ ತಳ್ಳುವ ಒತ್ತಡಕ್ಕೆ ದಿಂಬು ಹೊರಗಿನಿಂದ ಆಸರೆ ಕೊಡುತ್ತದೆ. ‘ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆ’ ಎಂಬ ಹೆದರಿಕೆಗೆ ನೂರು ಮಾತಿನ ಸಮಾಧಾನಕ್ಕಿಂತ ಈ ದಿಂಬು ವಾಸಿ.

ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರೆ ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಅದನ್ನು ಊದುವುದಲ್ಲ, ಎಳೆಯುವುದು! ಕೊಟ್ಟು ಹೋದವರು ತೋರಿಸಿಕೊಡದೆ ದಿನವಿಡೀ ಬಲೂನಿನಂತೆ ಊದುತ್ತಾ ಕೂತವರು ಪ್ರತಿ ವಾರ್ಡಿನಲ್ಲೂ ಸಿಗುತ್ತಾರೆ. ಸಾಧನ ಇಲ್ಲದಿದ್ದರೂ ಚಿಂತೆಯಿಲ್ಲ. ಆಳವಾದ ಉಸಿರು, ಕೂರುವುದು, ನಡೆಯುವುದು ಇವೇ ಮುಖ್ಯ. ದಿನಕ್ಕೆರಡು ಬಾರಿ ಹಲ್ಲುಜ್ಜಿಸಿ. ಬಾಯಿಯ ಕೊಳೆಯೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು.

ಮಂಚದಿಂದ ಏಳಿಸುವುದು

ಹೊಟ್ಟೆ ಕೊಯ್ದವರು ವಾರಗಟ್ಟಲೆ ಮಲಗಿರಬೇಕು ಎಂಬುದು ಹಳೆಯ ನಂಬಿಕೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ನೋವು ನಿವಾರಣೆ, ಬೇಗ ಊಟ, ಬೇಗ ನಡಿಗೆ ಇವನ್ನು ಒಟ್ಟುಗೂಡಿಸಿ, ದೊಡ್ಡ ಕರುಳಿನ ಆಪರೇಷನ್ ಆದವರನ್ನೂ ಕೆಲವೇ ದಿನದಲ್ಲಿ ಮನೆಗೆ ಕಳಿಸಬಹುದೆಂದು ತೋರಿಸಿದರು. 2001ರಲ್ಲಿ ಯುರೋಪಿನ ಸರ್ಜನ್‌ಗಳ ಒಂದು ಗುಂಪು ಅದನ್ನೇ ಮುಂದುವರಿಸಿತು. ಈಗ ‘ಇರಾಸ್’ (ಆಪರೇಷನ್ ನಂತರ ಬೇಗ ಚೇತರಿಕೆ) ಎಂದು ಕರೆಯುವ ಪದ್ಧತಿ ಅಲ್ಲಿಂದ ಬಂದದ್ದು. ಅದರ ಗುರಿ ಹೀಗೆ: ಆಪರೇಷನ್ ದಿನವೇ ಸುಮಾರು 2 ಗಂಟೆ, ಮರುದಿನದಿಂದ ದಿನಕ್ಕೆ ಒಟ್ಟು 6 ಗಂಟೆ ಮಂಚದಿಂದ ಹೊರಗೆ. ಕುರ್ಚಿಯಲ್ಲಿ ಕೂತದ್ದೂ ಲೆಕ್ಕಕ್ಕೆ. ಎಲ್ಲರಿಗೂ ಇದು ಸಾಧ್ಯವಾಗುವುದಿಲ್ಲ, ಆದರೂ ಗುರಿ ಗೊತ್ತಿರಲಿ.

ಮೊದಲ ಸಲ ಏಳಿಸುವ ಕ್ರಮ:

1. ನಾಡಿ, ಬಿಪಿ ನೋಡಿ. ಡ್ರಿಪ್, ಡ್ರೈನ್, ಮೂತ್ರದ ಚೀಲ ಎಲ್ಲವನ್ನೂ ರೋಗಿ ಇಳಿಯುವ ಬದಿಗೆ ತನ್ನಿ. ಬಹಳಷ್ಟು ಕೊಳವೆಗಳು ಕಿತ್ತುಬರುವುದು ಈ ಒಂದು ನಿಮಿಷದಲ್ಲಿ.
2. ಮೊಣಕಾಲು ಮಡಚಿ, ಭುಜ, ಸೊಂಟ, ಮೊಣಕಾಲು ಒಟ್ಟಿಗೆ ತಿರುಗುವಂತೆ ಮರದ ದಿಮ್ಮಿಯ ಹಾಗೆ ಒಂದು ಮಗ್ಗುಲಿಗೆ ಹೊರಳಿಸಿ.
3. ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಾ, ಮೊಣಕೈ ಊರಿ ತಳ್ಳಿಕೊಂಡು ಏಳಲಿ. ಕೈ ಹಿಡಿದು ಎಳೆಯಬೇಡಿ. ಎಳೆದರೆ ಹೊಟ್ಟೆಯ ಸ್ನಾಯು ಬಿಗಿಯುತ್ತದೆ.
4. ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂರಲಿ. ತಲೆ ತಿರುಗಿದರೆ, ಬೆವರಿದರೆ ಮತ್ತೆ ಮಲಗಿಸಿ, ಬಿಪಿ ನೋಡಿ. ಸರಿಯಿದ್ದರೆ ನಿಲ್ಲಿಸಿ, ಪಕ್ಕದ ಕುರ್ಚಿಗೆ ನಾಲ್ಕು ಹೆಜ್ಜೆ.

ಎದ್ದವರು ಗಾಯವನ್ನು ಕಾಪಾಡಿಕೊಳ್ಳಲು ಬಗ್ಗಿ ನಡೆಯುತ್ತಾರೆ. ನೆಟ್ಟಗೆ ನಿಲ್ಲಲು ಹೇಳುತ್ತಿರಿ, ಇಲ್ಲವಾದರೆ ಸಂಜೆಗೆ ಬೆನ್ನುನೋವು ಶುರು. ಮಂಚದಲ್ಲಿರುವಾಗ ಗಂಟೆಗೊಮ್ಮೆ ಪಾದಗಳನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಹದಿನೈದು ಸಲ ಆಡಿಸಲಿ. ಮೊಣಕಾಲಿನ ಕೆಳಗೆ ದಿಂಬಿಟ್ಟು ಗಂಟೆಗಟ್ಟಲೆ ಬಿಡಬೇಡಿ, ರಕ್ತದ ಹರಿವಿಗೆ ಅಡ್ಡಿ. ಹೆಪ್ಪು ತಡೆಯುವ ಇಂಜೆಕ್ಷನ್ ಬರೆದಿದ್ದರೆ ಹೊತ್ತು ತಪ್ಪಿಸಬೇಡಿ. ಹೊಟ್ಟೆಯ ಕ್ಯಾನ್ಸರಿನ ದೊಡ್ಡ ಆಪರೇಷನ್ ಆದವರಿಗೆ ಅದು ಮನೆಗೆ ಹೋದ ಮೇಲೂ ಒಟ್ಟು 4 ವಾರ ಮುಂದುವರಿಯಬಹುದು. ಒಂದೇ ಕಾಲು ಊದಿಕೊಂಡರೆ, ಮೀನಖಂಡ ನೋಯುತ್ತಿದ್ದರೆ ಉಜ್ಜಬೇಡಿ, ತಿಳಿಸಿ. ಇದ್ದಕ್ಕಿದ್ದಂತೆ ಎದೆನೋವು, ಏದುಸಿರು ಬಂದರೆ ಕಾಯುವ ಮಾತೇ ಇಲ್ಲ.

ಕರುಳು ಎಚ್ಚರಗೊಳ್ಳುವುದು, ಊಟ

ಮುಟ್ಟಿಸಿಕೊಂಡ ಕರುಳು ಕೆಲಕಾಲ ಮುನಿಸಿಕೊಂಡು ಸುಮ್ಮನಾಗುತ್ತದೆ. ಸಣ್ಣ ಕರುಳು ಒಂದು ದಿನದೊಳಗೆ, ಜಠರ ಒಂದೆರಡು ದಿನದಲ್ಲಿ, ದೊಡ್ಡ ಕರುಳು ಎರಡು ಮೂರು ದಿನದಲ್ಲಿ ಕೆಲಸಕ್ಕೆ ಮರಳುತ್ತವೆ. ಸ್ಟೆತಾಸ್ಕೋಪಿನಲ್ಲಿ ಗುಳುಗುಳು ಕೇಳಿತು ಎಂದ ಮಾತ್ರಕ್ಕೆ ಕರುಳು ಮುಂದಕ್ಕೆ ದೂಡುತ್ತಿದೆ ಎಂದಲ್ಲ. ಗಾಳಿ ಹೋಯಿತೇ, ಮಲವಾಯಿತೇ, ತಿಂದದ್ದು ನಿಂತಿತೇ ಎನ್ನುವುದೇ ನಂಬಬಹುದಾದ ಗುರುತು. ಹೊರಗೆ ಮುಜುಗರದ ವಿಷಯ, ಸರ್ಜಿಕಲ್ ವಾರ್ಡಿನಲ್ಲಿ ಸಿಹಿ ಸುದ್ದಿ. ಸಂಕೋಚ ಮಾಡಿಕೊಳ್ಳುವವರನ್ನು ಪರದೆ ಎಳೆದು, ಮೆಲ್ಲಗೆ ಕೇಳಿ.

ಗಾಳಿ ಹೋಗುವವರೆಗೂ ನೀರೂ ಇಲ್ಲ ಎಂಬ ಕಟ್ಟುನಿಟ್ಟು ಈಗ ಬಹಳ ಆಪರೇಷನ್‌ಗಳಲ್ಲಿ ಉಳಿದಿಲ್ಲ. ಸರ್ಜನ್ ಒಪ್ಪಿದರೆ ಪೂರ್ತಿ ಎಚ್ಚರವಾಗಿ, ವಾಂತಿಯಿಲ್ಲದವರಿಗೆ ಅದೇ ದಿನ ಗುಟುಕು ನೀರು, ತಾಳಿದರೆ ಮರುದಿನದಿಂದ ಮೆತ್ತನೆಯ ಆಹಾರ. ಚೂಯಿಂಗ್ ಗಮ್ ಅಗಿಯಲು ಹೇಳುವುದೂ ತಮಾಷೆಯಲ್ಲ. ಊಟ ಬರುತ್ತಿದೆಯೆಂದು ಕರುಳಿಗೆ ಸುಳ್ಳು ಸುದ್ದಿ ಮುಟ್ಟಿ ಅದು ಬೇಗ ಚಲಿಸಲು ನೆರವಾಗುತ್ತದೆ. ಅಗಿದು ಉಗುಳಬಲ್ಲ ಎಚ್ಚರ ಇದ್ದವರಿಗೆ ಮಾತ್ರ ಕೊಡಿ.

ಗಾಯ ಮಾಯಲು ಪ್ರೊಟೀನ್ ಬೇಕು: ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ. ಬರೇ ಗಂಜಿನೀರಿನಲ್ಲಿ ಒಂದು ವಾರ ಇಟ್ಟರೆ ಅಷ್ಟು ಸಿಗುವುದಿಲ್ಲ, ಇದನ್ನು ಮನೆಯವರಿಗೆ ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆ ಇದ್ದವರ ರಕ್ತದ ಸಕ್ಕರೆ 180 ಮಿ.ಗ್ರಾಂ/ಡೆ.ಲೀ. ದಾಟದಂತೆ ನೋಡಿಕೊಂಡರೆ ಗಾಯದ ಸೋಂಕು ಕಡಿಮೆ.

ಹೊಟ್ಟೆ ಉಬ್ಬಿ, ಬಿಕ್ಕಳಿಕೆ ಶುರುವಾಗಿ, ಹಸಿರು ವಾಂತಿಯಾದರೆ ಬಾಯಿಂದ ಕೊಡುವುದನ್ನೆಲ್ಲ ನಿಲ್ಲಿಸಿ ತಿಳಿಸಿ.

ಗಾಯ ಮತ್ತು ಕೊಳವೆಗಳು

ಥಿಯೇಟರಿನಲ್ಲಿ ಹಾಕಿದ ಡ್ರೆಸಿಂಗ್ ಒಣಗಿ ಸ್ವಚ್ಛವಾಗಿದ್ದರೆ ಮೊದಲ 48 ಗಂಟೆ ಸುಮ್ಮನೆ ಬಿಡಿ. ಅಷ್ಟರಲ್ಲಿ ಗಾಯದ ಅಂಚು ಅಂಟಿಕೊಂಡು ಮುಚ್ಚಿರುತ್ತದೆ. ‘ಒಮ್ಮೆ ತೆಗೆದು ನೋಡೋಣ’ ಎಂದು ಬಿಚ್ಚಿದಷ್ಟೂ ಸೋಂಕಿಗೆ ಬಾಗಿಲು. 48 ಗಂಟೆ ಕಳೆದ ಮೇಲೆ ಸಾಮಾನ್ಯವಾಗಿ ಮೇಲಿಂದ ನೀರು ಹೊಯ್ದು ಸ್ನಾನ ಮಾಡಬಹುದು. ತೊಟ್ಟಿಯಲ್ಲಿ ಮುಳುಗಿ ಕೂರುವುದು ಈಗಲೇ ಬೇಡ.

ಡ್ರೈನಿನಲ್ಲಿ ಎಷ್ಟು ಬಂತು ಎಂಬುದರ ಜೊತೆ ಬಣ್ಣವನ್ನೂ ಬರೆಯಿರಿ. ಕೆಂಪು ದಿನ ಕಳೆದಂತೆ ನಸುಗೆಂಪಾಗಿ, ಆಮೇಲೆ ತಿಳಿಹಳದಿಯಾಗಬೇಕು. ತಿಳಿಯಾದದ್ದು ಮತ್ತೆ ಕಡುಗೆಂಪಾದರೆ ರಕ್ತಸ್ರಾವ, ಹಸಿರಾದರೆ ಪಿತ್ತ, ಕಂದಾಗಿ ನಾರಿದರೆ ಕರುಳಿನೊಳಗಿನದು. ಧಾರಾಳವಾಗಿ ಬರುತ್ತಿದ್ದದ್ದು ಒಮ್ಮೆಲೇ ನಿಂತರೆ ಅದನ್ನೂ ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ, ಕೊಳವೆ ಕಟ್ಟಿಕೊಂಡಿರಬಹುದು. ಮೂತ್ರದ ಕ್ಯಾಥೆಟರ್ ಒಂದೆರಡು ದಿನಕ್ಕಿಂತ ಹೆಚ್ಚು ಇದ್ದರೆ ‘ಇದು ಇನ್ನೂ ಬೇಕೇ?’ ಎಂದು ರೌಂಡ್ಸಿನಲ್ಲಿ ನೀವೇ ಕೇಳಿ. ಯಾರೂ ಕೇಳದೆ ಉಳಿದುಕೊಂಡ ಕ್ಯಾಥೆಟರಿನಿಂದ ಬರುವ ಸೋಂಕೇ ಬಹಳ.

ಸ್ಟೋಮಾ (ಹೊಟ್ಟೆಯ ಮೇಲೆ ಹೊರತಂದ ಕರುಳಿನ ಬಾಯಿ) ಇದ್ದರೆ ಅದು ಕೆಂಪಾಗಿ, ತೇವವಾಗಿರಬೇಕು. ನೇರಳೆಯಾದರೆ, ಕಪ್ಪಾದರೆ ಅದಕ್ಕೆ ರಕ್ತ ಸಾಲುತ್ತಿಲ್ಲ ಎಂದರ್ಥ; ತಕ್ಷಣ ತಿಳಿಸಿ.

ಅಪರೂಪದ, ಆದರೆ ಕೈ ನಡುಗಿಸುವ ಸಂಗತಿ ಹೊಲಿಗೆ ಬಿರಿಯುವುದು. ಹೆಚ್ಚಾಗಿ 5ರಿಂದ 10ನೇ ದಿನದ ನಡುವೆ. ಮುನ್ಸೂಚನೆಯಾಗಿ ಒಣಗಿದ್ದ ಗಾಯದಿಂದ ನಸುಗೆಂಪು ನೀರು ಇದ್ದಕ್ಕಿದ್ದಂತೆ ಒಸರಿ ಡ್ರೆಸಿಂಗ್ ತೋಯುತ್ತದೆ; ‘ಏನೋ ಪಟ್ ಅಂತು’ ಎಂದೂ ರೋಗಿ ಹೇಳಬಹುದು. ಕರುಳು ಹೊರಗೆ ಕಂಡರೆ ರೋಗಿಯನ್ನು ಬಿಟ್ಟು ಓಡಬೇಡಿ, ಅಲ್ಲಿಂದಲೇ ಕೂಗಿ ಸಹಾಯ ಕರೆಯಿರಿ. ತಲೆ ಸ್ವಲ್ಪವೇ ಎತ್ತಿ, ಮೊಣಕಾಲು ಮಡಚಿ ಮಲಗಿಸಿ, ಹೊಟ್ಟೆಯ ಬಿಗಿ ಸಡಿಲವಾಗುತ್ತದೆ. ಸ್ಟೆರೈಲ್ ಸಲೈನಿನಲ್ಲಿ ನೆನೆಸಿದ ದೊಡ್ಡ ಪ್ಯಾಡಿನಿಂದ ಮುಚ್ಚಿ, ಒಣಗಲು ಬಿಡಬೇಡಿ. ಒಳಗೆ ತಳ್ಳುವ ಪ್ರಯತ್ನ ಬೇಡವೇ ಬೇಡ. ಬಾಯಿಗೆ ಏನೂ ಕೊಡಬೇಡಿ. ಮತ್ತೆ ಥಿಯೇಟರಿಗೆ ಹೋಗುವುದು ಖಚಿತ.

ಜ್ವರ ಯಾವ ದಿನ ಬಂತು?

ಮೊದಲ ಒಂದೆರಡು ದಿನದ ಸಣ್ಣ ಜ್ವರ ಹೆಚ್ಚಾಗಿ ಆಪರೇಷನ್ನಿನ ಗಾಸಿಗೆ ದೇಹ ತೋರುವ ಪ್ರತಿಕ್ರಿಯೆ. ಎದೆಯನ್ನೂ ಒಮ್ಮೆ ಪರೀಕ್ಷಿಸಿ. ಮೂರನೇ ದಿನದ ಆಸುಪಾಸಿನಲ್ಲಿ ಮೂತ್ರದ ಸೋಂಕು, ಡ್ರಿಪ್ ಹಾಕಿದ ಕೈ ನೆನಪಿರಲಿ. ಐದನೇ ದಿನದ ಮೇಲೆ ಗಾಯ, ಹೊಟ್ಟೆಯೊಳಗಿನ ಕೀವು. ಕರುಳು ಜೋಡಿಸಿದವರಲ್ಲಿ ಜೋಡಣೆ ಸೋರಲು ಶುರುವಾಗುವುದೂ ಹೆಚ್ಚಾಗಿ ಇದೇ ಸುಮಾರಿಗೆ. ಜ್ವರಕ್ಕೂ ಮೊದಲು ನಾಡಿ, ಉಸಿರಾಟದ ವೇಗ ಏರಿರುತ್ತದೆ. ನಿನ್ನೆ ಚೆನ್ನಾಗಿ ಉಂಡವರು ಇವತ್ತು ತಟ್ಟೆ ಸರಿಸುತ್ತಾರೆ, ‘ಯಾಕೋ ಸರಿಯಿಲ್ಲ’ ಎನ್ನುತ್ತಾರೆ. ಆ ಮಾತನ್ನು ಅಂಕಿಗಳ ಜೊತೆ ಡಾಕ್ಟರಿಗೆ ದಾಟಿಸಿ.

ವಯಸ್ಸಾದವರು ರಾತ್ರಿ ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ಕೈ ಕಟ್ಟುವ ಯೋಚನೆ ಬೇಡ. ಆಮ್ಲಜನಕ, ಸಕ್ಕರೆ, ನೋವು, ಕಟ್ಟಿದ ಮೂತ್ರ, ಸೋಂಕು ಇವುಗಳಲ್ಲಿ ಯಾವುದು ಎಂದು ಹುಡುಕಿ. ಕನ್ನಡಕ, ಕಿವಿಯ ಯಂತ್ರ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರೆ ತೆಗೆದುಕೊಡಿ.

ಮನೆಗೆ ಕಳಿಸುವಾಗ

ಹೊಟ್ಟೆ ತೆರೆದು ಆಪರೇಷನ್ ಆದವರು ಸುಮಾರು 6 ವಾರ 4–5 ಕಿಲೋಗಿಂತ ಹೆಚ್ಚು ಎತ್ತಬಾರದು. ತುಂಬಿದ ಬಿಂದಿಗೆಯೂ ಇಲ್ಲ, ಮಗುವೂ ಇಲ್ಲ. ನಡೆಯುವುದನ್ನು ಮಾತ್ರ ದಿನಕ್ಕಿಷ್ಟು ಎಂದು ಹೆಚ್ಚಿಸಬೇಕು. ಮಲಕ್ಕೆ ತಿಣುಕುವಂತಾಗಬಾರದು; ನೀರು, ನಾರಿನ ಆಹಾರ, ಬೇಕಾದರೆ ಮಲ ಸಡಿಲಿಸುವ ಮದ್ದು. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಗಾಳಿಯೂ ಮಲವೂ ನಿಂತರೆ, ಕಾಲು ಊದಿದರೆ ವಾಪಸ್ ಬರಬೇಕು. ಗಾಯದ ಸೋಂಕು ಆಪರೇಷನ್ ಆಗಿ 30 ದಿನದವರೆಗೂ ಕಾಣಿಸಿಕೊಳ್ಳಬಹುದು, ಹೊಲಿಗೆ ತೆಗೆದ ದಿನಕ್ಕೆ ಎಲ್ಲ ಮುಗಿಯಿತು ಎಂದಲ್ಲ.

ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಿ ‘ಗೊತ್ತಾಯ್ತಾ?’ ಎಂದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ಬದಲಿಗೆ, ‘ನಾಳೆ ರಾತ್ರಿ ಡ್ರೆಸಿಂಗ್ ಒದ್ದೆಯಾಯಿತು ಅಂದುಕೊಳ್ಳಿ, ಏನು ಮಾಡುತ್ತೀರಿ?’ ಎಂದು ಕೇಳಿ. ಉತ್ತರ ರೋಗಿಯ ಬಾಯಿಂದ ಬರಲಿ, ಮನೆಗೆ ಹೋದ ಮೇಲೆ ಡ್ರೆಸಿಂಗ್ ನೋಡಿಕೊಳ್ಳುವವರು ಯಾರೋ ಅವರ ಬಾಯಿಂದಲೂ ಬರಲಿ. ಆಮೇಲೆ ಡಿಸ್ಚಾರ್ಜ್ ಚೀಟಿ ಕೊಡಿ.